ಹಿತ್ತಾಳೆ ಕಾಣುವವರೆಗೆ

ಚೆನ್ನೈಯಿಂದ ಎರಡು ಡಬ್ಬಿ ಬಂದಿವೆ.
ಎರಡು ದಿನ ಇಟ್ಟುಕೊಳ್ಳಿ, ಒಂದನ್ನು ವಾಪಸ್ಸು ಕಳಿಸಿ
ಅಂದಿದ್ದಾನೆ ವೇದಾಚಲಂ, ನಂಬುವ ಮನುಷ್ಯ,
ದುಡ್ಡು ಮಾತ್ರ ಮೊದಲೇ ಪೂರ್ತಿ ಇಸಕೊಂಡಿದ್ದಾನೆ.

ಒಂದು ಲೆನ್ಸ್ ಈ ಕಾಲದ್ದು. ಅಲ್ಯುಮಿನಿಯಂ ಮೈ,
ಬೆರಳಚ್ಚು ಕೂಡ ಹಿಡಿಯದ ಮಂಕು ಕಪ್ಪು,
ಎಳೆದರೆ ಮೂತಿಯೊಳಗಿಂದಲೇ ಹೊರಬರುವ ಹುಡ್.
ಇನ್ನೊಂದೂ ಈ ಕಾಲದ್ದೇ,
ಹಾಗೆಂದು ಹೇಳಿಕೊಳ್ಳುವುದಿಲ್ಲ ಅಷ್ಟೆ.
ಹಿತ್ತಾಳೆಯ ಮೇಲೆ ಹೊಳೆವ ಕರಿಬಣ್ಣ,
ಉಂಗುರಕ್ಕೆ ಬಾವಿಕಟ್ಟೆಯ ಕಲ್ಲಿಗೆ ಹಗ್ಗ ಕೊರೆದಂಥ ಕಚ್ಚು,
ಅಂಕಿಗಳು ನನ್ನ ಸೋದರಮಾವನ ಕೈಗಡಿಯಾರದವು.
ಒಳಗಿನ ಗಾಜು ಎರಡಕ್ಕೂ ಒಂದೇ,
ಅದೇ ಎಂಟು ತುಂಡು, ಅದೇ ಲೇಪ.
ಹಳೆಯದರಂತಿರುವುದಕ್ಕೆ ನಲವತ್ತೆರಡು ಸಾವಿರ ಜಾಸ್ತಿ.
"ಕೈಯಾಡ್ತಾ ಆಡ್ತಾ ಹಿತ್ತಾಳೆ ಕಾಣುತ್ತೆ ಸಾರ್,
ಆಗ ನೋಡಿ ಅದರ ಚಂದ."

ಮಧ್ಯಾಹ್ನ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೋದೆ
ಎರ್ರಿಸ್ವಾಮಿಯ ವಾಷಿಂಗ್ ಯೂನಿಟ್ಟಿಗೆ,
ಕ್ಯಾಟಲಾಗಿಗೆ ಹದಿನಾರು ಮಾದರಿ ತೆಗೆಯುವುದಿತ್ತು.
ಮೋರಿಯಲ್ಲಿ ನೀಲಿ ನೀರು. ಬಾಗಿಲಲ್ಲಿ ಮಲಗಿದ ನಾಯಿಯ ಕಾಲೂ ನೀಲಿ.
ಶೆಡ್ಡಿನೊಳಗೆ ಸಾಲಾಗಿ ಗಾಳಿ ತುಂಬಿದ ರಬ್ಬರಿನ ಕಾಲುಗಳು;
ಅವಕ್ಕೆ ಹೊಸ ಪ್ಯಾಂಟು ತೊಡಿಸಿ
ಉಪ್ಪುಕಾಗದ ಹಿಡಿದು ತೊಡೆ ಸವೆಸುತ್ತಾರೆ ಹೆಂಗಸರು.
ಯಾರೂ ಊರದೆ ಸವೆದ ಮಂಡಿ.
ಯಾರೂ ಕೈಯಿಡದೆ ಹರಿದ ಜೇಬು.
ಪೀಸಿಗೆ ನಾಲ್ಕು ರೂಪಾಯಿ.

ಮಾಬುಬ್ಬಿ ಇಲ್ಲಿ ಎಲ್ಲರಿಗಿಂತ ಹಳಬಳು.
ಅವಳು ಉಜ್ಜಿದ ಪ್ಯಾಂಟು ನೋಡಿದರೆ
ಹತ್ತು ವರ್ಷ ಲಾರಿ ಓಡಿಸಿದವನದ್ದೇ ಅನ್ನಬೇಕು.
ಲೆನ್ಸ್ ಎರಡನ್ನೂ ಅಂಗೈಯಲ್ಲಿ ತೂಗಿದಳು,
ಬದನೆಕಾಯಿ ಆರಿಸುವಂತೆ.
"ಇದು ಭಾರ ಐತಿ. ಇದಕ್ಯಾಕ ರೊಕ್ಕ ಜಾಸ್ತಿ?"
ಬಣ್ಣ ಹೋಗಿ ಹಿತ್ತಾಳೆ ಬರುವ ಕತೆ ಹೇಳಿದೆ.
"ಎಷ್ಟು ದಿನಕ್ಕ?"
"ಹತ್ತು ವರ್ಷ ಬೇಕೇನೋ."
ಮೂಗಿಗೆ ಕಟ್ಟಿದ ಬಟ್ಟೆ ಸರಿಸಿ ನಕ್ಕಳು:
"ಹತ್ತು ರೂಪಾಯಿ ಕೊಡ್ರಿ, ಸಂಜಿಕ ಮಾಡಿ ಕೊಡ್ತೀನಿ."

ಶೆಡ್ಡೆಲ್ಲ ನಕ್ಕಿತು. ನಾನೂ.
ನಗು ಮುಗಿದ ಮೇಲೆ ಅವಳೇ ಹೆಬ್ಬೆರಳು ಮುಂದೆ ಹಿಡಿದಳು.
"ಇದರದೊಂದು ಫೋಟೋ ಹೊಡೀರಣ್ಣ.
ರೇಶನ್ ಅಂಗಡಿ ಮಿಷಿನ್ನು ಮೂರು ತಿಂಗಳಾತು
ನೀನು ಮಾಬುಬ್ಬಿ ಅಲ್ಲ ಅಂತೈತಿ.
ನಿಮ್ಮ ಗಾಜಿನಾಗಾದ್ರೂ ಗೆರಿ ಕಾಣ್ತಾವೇನು ನೋಡ್ರಿ."

ಹೊಸದರಲ್ಲಿ ತೆಗೆದೆ. ಹಳೆಯದರಂತಿರುವುದರಲ್ಲಿ ತೆಗೆದೆ.
ಹತ್ತಿರ ಹೋದಷ್ಟೂ ಮಸುಕಾಗಿ, ಒಂದು ಹೆಜ್ಜೆ ಹಿಂದೆ ಬಂದೆ.
ಪರದೆಯ ಮೇಲೆ ದೊಡ್ಡದು ಮಾಡಿದೆ, ಇನ್ನೂ ದೊಡ್ಡದು.
ಉಗುರ ಸಂದಿಯ ನೀಲಿ ಕಂಡಿತು,
ಎಂದೋ ಸೂಜಿ ಹೊಕ್ಕ ಚುಕ್ಕೆ ಕಂಡಿತು,
ಬೆರಳ ತುದಿ ಮಾತ್ರ ಹೊಳೆದಂಡೆಯ ಗುಂಡುಕಲ್ಲು.
ಎರಡು ಚಿತ್ರಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ.
"ಗಾಜು ಒಂದೇ ಅಂದ್ರಲ್ಲ," ಅಂದಳು.
ಮುಂದಿನ ಕಾಲಿಗೆ ಪ್ಯಾಂಟು ಏರಿಸಿದಳು.

ರಾತ್ರಿ ಕೌಲ್‌ಬಜಾರಿನ ಸ್ಟುಡಿಯೋದಲ್ಲಿ
ಸುಳ್ಳು ಯಾಕೆ, ಮನಸ್ಸು ಹಿತ್ತಾಳೆಯ ಮೇಲೇ ಇತ್ತು.
ಸುಮ್ಮನೆ ಅದರ ಉಂಗುರ ತಿರುಗಿಸುತ್ತ ಕೂತೆ,
ಹದಕ್ಕೆ ಬಂದ ಕಣಕದಲ್ಲಿ ಬೆರಳಾಡಿದಂತೆ,
ಕರೆಂಟು ಹೋಗಿ ಬರುವವರೆಗೆ.

ಬೆಳಿಗ್ಗೆ ಅದನ್ನೇ ಕೊರಿಯರ್ ಹುಡುಗನಿಗೆ ಕೊಟ್ಟೆ.
ದೊಡ್ಡ ವಿಚಾರವೇನೂ ಅಲ್ಲ.
ಅದರ ಹುಡ್ಡಿಗೆ ಬೇರೆ ದುಡ್ಡು; ಆ ಕಚ್ಚುಗಳಲ್ಲಿ ಕೂರುವ
ಅದಿರುಲಾರಿಗಳ ಕೆಂಪು ಧೂಳನ್ನು ತೆಗೆಯುತ್ತ ಕೂರುವವರು ಯಾರು.
ಬೆರಳಲ್ಲೇ ಸಹಿ ಮಾಡಿ ಸಾರ್, ಅಂತ ಫೋನು ಚಾಚಿದ.
ಮಾಡಿದೆ. ಗಾಜಿನ ಮೇಲೆ ಗೆರೆಗೆರೆಯಾಗಿ
ನನ್ನ ಬೆರಳು ಪೂರ್ತಿ ಮೂಡಿತ್ತು.
ಅವನು ಅಂಗಿಯ ತುದಿಯಿಂದ ಒರೆಸಿಕೊಂಡು ಹೊರಟ.